ಒಂದು ಬೆರಳು ನೀರು

ನಾನು ಶಾಲೆ ಬಿಟ್ಟದ್ದು ಒಂದು ಹೊಟ್ಟೆಯ ಬಣ್ಣಕ್ಕೆ. ಆಗ ಆರನೇ ತರಗತಿ. ಮೇಷ್ಟ್ರು ಬೋರ್ಡಿನ ಮೇಲೆ ಎರಡು ನೀರುಹಲ್ಲಿ ಬರೆದು, ಒಂದರ ಹೊಟ್ಟೆಗೆ ಕೆಂಪು ಸೀಮೆಸುಣ್ಣ, ಇನ್ನೊಂದರ ಹೊಟ್ಟೆಗೆ ಹಳದಿ ಸೀಮೆಸುಣ್ಣ ತಿಕ್ಕಿ, “ಕೆಂಪು ಕೆರೆಕುಲ, ಹಳದಿ ಬಂಡೆಕುಲ, ಬರ್ಕೊಳ್ಳಿ” ಅಂದರು. ಇಡೀ ತರಗತಿ ತಲೆ ಬಗ್ಗಿಸಿ ಬರೆಯಿತು. ನಾನು ಎದ್ದು ನಿಂತೆ. “ಸುಳ್ಳು ಸಾ. ಎರೆಹುಳ ಹಾಕಿದ್ರೆ ಹೊಟ್ಟೆ ಕೆಂಪಾಯ್ತದೆ, ದೀಪದ ಹುಳ ಹಾಕಿದ್ರೆ ಹಳದಿ ಆಯ್ತದೆ. ಕುಲ ಗೊತ್ತಾಗೋದು ಕಾಲಲ್ಲಿ.” ಮೇಷ್ಟ್ರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಇವತ್ತಿಗೂ ಅವರಿಗೆ ನಮಸ್ಕಾರ ಹೊಡೆಯುತ್ತಿದ್ದೆ. ಅವರು ನಕ್ಕು, “ಅದಿರ್ಲಿ, ನಿಮ್ಮನೆ ತೊಟ್ಟೀಲಿ ಎಷ್ಟು ಬೆರಳು ನೀರಪ್ಪ?” ಎಂದು ಕೇಳಿದರು. “ಎರಡು” ಅಂದೆ. ತರಗತಿಗೆ ತರಗತಿಯೇ ನಕ್ಕಿತು. ನನ್ನ ಸ್ಲೇಟು ಬೋರ್ಡಿಗೆ ಬಡಿದು ಎರಡು ಹೋಳಾಯಿತು. ಆ ಹೋಳುಗಳನ್ನು ಹೆಕ್ಕಲಿಕ್ಕೂ ನಾನು ಮತ್ತೆ ಒಳಗೆ ಹೋಗಲಿಲ್ಲ.

ನಮ್ಮೂರಿನ ಪ್ರತಿ ಮನೆಯಲ್ಲೂ ಬಾಗಿಲ ಬಲಕ್ಕೆ ಒಂದು ಕಲ್ಲುತೊಟ್ಟಿ ಇರುತ್ತದೆ, ಅದರಲ್ಲಿ ನೀರುಹಲ್ಲಿ ಇರುತ್ತದೆ. ಕಪ್ಪು ಬೆನ್ನು, ಬೆಂಕಿಯಂಥ ಹೊಟ್ಟೆ, ಗೇಣಿಗಿಂತ ಚಿಕ್ಕದು, ಗೋಡೆಯ ಹಲ್ಲಿಗಿಂತ ಸೋಮಾರಿ. ಮನೆಯಲ್ಲಿ ಎಷ್ಟು ಜನವೋ ತೊಟ್ಟಿಯಲ್ಲಿ ಅಷ್ಟು ಬೆರಳಗಲ ನೀರು. ಕೊಡಗಟ್ಟಲೆ ಸುರಿದರೂ ಬೆಳಗಾಗುವಷ್ಟರಲ್ಲಿ ಅಷ್ಟಕ್ಕೇ ಇಳಿಯುತ್ತದೆ; ಮೊಗೆದು ಬೀದಿಗೆ ಚೆಲ್ಲಿದರೂ ಅಷ್ಟಕ್ಕೇ ಏರುತ್ತದೆ. ಮಗು ಹುಟ್ಟಿದರೆ ಒಂದು ಬೆರಳು ಹೆಚ್ಚು, ಯಾರಾದರೂ ಸತ್ತರೆ ಒಂದು ಬೆರಳು ಕಮ್ಮಿ. ಊರು ಬಿಟ್ಟು ಹೋದವರಿಗೆ ವಾಪಸು ಬರುವ ಮನಸ್ಸು ಇರುವ ತನಕ ನೀರು ಇಳಿಯುವುದಿಲ್ಲ. ಆ ಮನಸ್ಸು ಹೋದ ದಿನ ಇಳಿಯುತ್ತದೆ. ಮತ್ತೆ ಬರೋಣ ಅನ್ನಿಸಿದ ದಿನ, ಅವರು ಯಾವ ಸೀಮೆಯಲ್ಲೇ ಇರಲಿ, ಏರುತ್ತದೆ. ಅದಕ್ಕೇ ನಮ್ಮೂರಲ್ಲಿ ಯಾರೂ ಯಾರಿಗೂ ಕಾಗದ ಬರೆಯುವುದಿಲ್ಲ. ಹೊಸ ಸೊಸೆ ಬಂದ ಮಾರನೆಯ ದಿನ ಅತ್ತೆ ಮೊದಲು ನೋಡುವುದು ತೊಟ್ಟಿಯನ್ನು. ಕೆಲವು ಸೊಸೆಯರಿಗೆ ನೀರು ಏರುವುದಕ್ಕೆ ವರ್ಷ ಹಿಡಿಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ, “ನೋಡ್ತಿರು, ಇವತ್ತು ಒಂದು ಬೆರಳು ಇಳಿಸ್ಬುಡ್ತೀನಿ” ಎಂದು ಹೆದರಿಸುವುದು ಮಾಮೂಲಿ.

ಒಂಟಿಯಾಗಿರುವವರ ಮನೆಯಲ್ಲಿ ಒಂದು ಬೆರಳು ನೀರು. ಒಂದು ಬೆರಳು ನೀರಿನಲ್ಲಿ ನೀರುಹಲ್ಲಿಯ ಹೊಟ್ಟೆ ನೆನೆಯುತ್ತದೆ, ಬೆನ್ನು ಒಣಗುತ್ತದೆ. ಹಾಗಾಗಿ ಒಂಟಿ ಜನ ತೊಟ್ಟಿಯ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡುತ್ತಾರೆ. ಇರುವ ನೀರೆಲ್ಲ ಒಂದು ಮೂಲೆಗೆ ಹರಿದು, ಅಲ್ಲಿಯಾದರೂ ಮುಳುಗುವಷ್ಟು ಆಗುತ್ತದೆ. ಊರವರು ನಮ್ಮನ್ನು ಓರೆತೊಟ್ಟಿಯವರು ಎನ್ನುತ್ತಾರೆ. ಮದುವೆ ಊಟಕ್ಕೆ ಕೊನೆಯ ಪಂಕ್ತಿ ನಮ್ಮದು. ಮನೆಯ ನೀರುಹಲ್ಲಿ ಮರಿಯಿಲ್ಲದೆ ಸತ್ತರೆ ಕಟ್ಟೆಯ ಯಜಮಾನರು ಬಂದು ಆ ಮನೆಯ ಬಾಗಿಲು ಬಿಚ್ಚಿಕೊಂಡು ಹೋಗುತ್ತಾರೆ. ಆಮೇಲೆ ಯಾರದಾದರೂ ಜಗಲಿಯಲ್ಲಿ ಅವರ ಮನೆಯ ಒಂದು ಬೆರಳಾಗಿ ಬಿದ್ದಿರಬೇಕು, ಇಲ್ಲ ಊರು ಬಿಡಬೇಕು.

ನಮ್ಮ ದೊಡ್ಡವ್ವ ಕುಲ ನೋಡುವವಳು. ನನ್ನ ಅಪ್ಪ ಅವ್ವ ಒಂದೇ ವರ್ಷ ಹೋದರು. ಅವ್ವನ ಅಕ್ಕನಾದ ಇವಳೇ ನನ್ನನ್ನು ಸಾಕಿದಳು. ನೀರುಹಲ್ಲಿಗಳಲ್ಲಿ ಕೆರೆಕುಲ, ಬಂಡೆಕುಲ ಎಂದು ಎರಡು ಕುಲ. ನೋಡಲಿಕ್ಕೆ ಅವಳಿಜವಳಿ ಥರ ಇರುತ್ತವೆ. ದೊಡ್ಡವ್ವ ಒದ್ದೆ ಅಂಗೈ ಮೇಲೆ ಹಲ್ಲಿಯನ್ನು ಮಲಗಿಸಿ, ಮುಂಗಾಲನ್ನು ಕಂಕುಳಿಂದ ಬೆರಳ ತುದಿಯ ತನಕ ನೂಲಿನಲ್ಲಿ ಅಳೆದು, ಆ ನೂಲನ್ನು ಪಕ್ಕೆಯ ಮೇಲಿಟ್ಟು ನೋಡುತ್ತಿದ್ದಳು. ನೂಲು ಹಿಂಗಾಲಿನ ಬುಡ ಮುಟ್ಟಿದರೆ ಬಂಡೆಕುಲ, ಅರ್ಧದಾರಿಯಲ್ಲಿ ನಿಂತರೆ ಕೆರೆಕುಲ. ಬಂಡೆ ಹತ್ತಿದವುಗಳಿಗೆ ಕಾಲು ಉದ್ದ, ಅಷ್ಟೇ ಕಥೆ. ಎರಡು ಕಡೆಯ ಕಾಲನ್ನೂ ಅಳೆಯುತ್ತಿದ್ದಳು. “ಒಂದು ಕಾಲು ಸುಳ್ಳು ಹೇಳ್ಬೌದು, ಎರಡೂ ಹೇಳಕ್ಕಿಲ್ಲ” ಎನ್ನುತ್ತಿದ್ದಳು. ಕುಲ ನೋಡದೆ ಜೋಡಿ ಮಾಡಿದರೆ ಬೆರಕೆ ಮರಿ ಹುಟ್ಟುತ್ತದೆ. ಬೆರಕೆಗೆ ಮರೆವಿಲ್ಲ. ಸತ್ತವರನ್ನೂ ಬಿಟ್ಟುಹೋದವರನ್ನೂ ಎಣಿಸುತ್ತಲೇ ಇರುತ್ತದೆ. ದೊಡ್ಡವ್ವ ಚಿಕ್ಕವಳಿದ್ದಾಗ ಅವರ ಬೀದಿಯ ಒಂದು ಮನೆಗೆ ಬೆರಕೆ ಬಂದಿತ್ತಂತೆ. ಇದ್ದದ್ದು ಮೂವರು, ನೀರು ಏಳು ಬೆರಳು. ಮೂವರೂ ದಿನಾ ಏಳು ತಟ್ಟೆ ಹಾಕಿ, ಉಳಿದ ನಾಲ್ವರು ಬರುವ ತನಕ ತಿನ್ನುವುದಿಲ್ಲ ಎಂದು ಕೂತು ಕೂತು ಸೊರಗಿದರಂತೆ. ಅದಾದ ಮೇಲೆ ಕುಲ ನೋಡದೆ ಜೋಡಿ ಮಾಡಕೂಡದು ಎಂದು ಕಟ್ಟೆಯಲ್ಲಿ ತೀರ್ಮಾನವಾಯಿತು.

ದೊಡ್ಡವ್ವ ಸತ್ತು ಮೂರು ವರ್ಷ. ನೂಲು, ಕುಲದ ಪುಸ್ತಕ, ಸಾಲು ನಿಲ್ಲುವ ಜನ, ಎಲ್ಲ ನನ್ನ ಪಾಲಿಗೆ ಬಂತು. ಚಳಿ ಬಿದ್ದು ಗಂಡುಗಳ ಬೆನ್ನ ಮೇಲೆ ಹುಂಜದ ಜುಟ್ಟಿನಂಥ ಏಣು ಎದ್ದಿತೆಂದರೆ ಜನ ಬೋಗುಣಿ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ. ಬಂದವರು ಹೊಟ್ಟೆ ತೋರಿಸುತ್ತಾರೆ. “ನೋಡಪ್ಪ, ಎಷ್ಟು ಕೆಂಪಗೈತೆ, ಅಪ್ಪಟ ಕೆರೆಕುಲ.” ನಾನು ಬೈಯುತ್ತೇನೆ. ಹೊಟ್ಟೆ ನೋಡಿ ಹೇಳುವ ಹಾಗಿದ್ದರೆ ನಿಮ್ಮ ಮೇಷ್ಟ್ರ ಹತ್ತಿರ ಹೋಗಿ ಎನ್ನುತ್ತೇನೆ. ಅವರು ಬೈಸಿಕೊಂಡು, ಕುಲ ಬರೆದ ಚೀಟಿ ತೆಗೆದುಕೊಂಡು, ನನ್ನ ಓರೆತೊಟ್ಟಿಯ ಕಡೆ ಕಣ್ಣು ಹಾಯಿಸಿ ಹೋಗುತ್ತಾರೆ. ಕೂರುವುದಿಲ್ಲ. ಬೀದಿಯಲ್ಲಿ ಸಿಕ್ಕರೆ ಮಾತಾಡಿಸುವುದೂ ಇಲ್ಲ. ನನಗೇನು ಅವರ ಮಾತು ಬೇಕಾಗಿಲ್ಲ ಎಂದು ನಾನೂ ಉಗಿದು ಮುಂದೆ ಹೋಗುತ್ತೇನೆ.

ನನ್ನ ತೊಟ್ಟಿಯಲ್ಲಿದ್ದದ್ದು ದೊಡ್ಡವ್ವ ಬಿಟ್ಟುಹೋದ ಹೆಣ್ಣು. ಹದಿನಾಲ್ಕು ವರ್ಷದ್ದು, ಬಂಡೆಕುಲ. ಪುಸ್ತಕದ ಪ್ರಕಾರ ಊರಲ್ಲಿ ಉಳಿದ ಒಂದೇ ಬಂಡೆಕುಲ. ದೊಡ್ಡವ್ವ ಇರುವ ತನಕ ಎರಡು ಬೆರಳು ನೀರಿತ್ತು, ಹೇಗೋ ನಡೆಯಿತು. ಈಗ ಅದು ಮೂಲೆಯಲ್ಲಿ ಮುದುರಿ ಕೂತಿರುತ್ತಿತ್ತು, ಬೆನ್ನಿನ ಚರ್ಮ ಹಳೆಯ ಕೊಡೆಯ ಬಟ್ಟೆಯ ಹಾಗೆ ಸುಲಿಯುತ್ತಿತ್ತು. ಇನ್ನೊಂದು ಬೇಸಿಗೆ ದಾಟುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಗಂಡಿಲ್ಲ, ಮರಿಯಿಲ್ಲ. ಬೇರೆ ಕುಲದ ಗಂಡು ಬಿಟ್ಟು ಸುಮ್ಮನೆ ಚೀಟಿ ಬರೆದುಬಿಡು ಎಂದು ನಾನು ದೊಡ್ಡವ್ವನಿಗೆ ಎಷ್ಟು ಸಲ ಹೇಳಿರಲಿಲ್ಲ? ಊರಿಗೆಲ್ಲ ಕುಲ ಹೇಳುವವಳು ತನ್ನ ಮನೆಗೆ ಬೆರಕೆ ತರುವುದೇ ಎಂದು ನನ್ನ ಕೆನ್ನೆಗೆ ಬಾರಿಸಿದ್ದಳು. ಅವಳ ಸತ್ಯ ಅವಳ ಜೊತೆ ಮಣ್ಣಿಗೆ ಹೋಯಿತು. ನನ್ನ ಬಾಗಿಲು ಮಾತ್ರ ಬಿಚ್ಚಿಕೊಂಡು ಹೋಗಲಿಕ್ಕೆ ಉಳಿಯಿತು.

ಹೀಗಿರುವಾಗ ಚೌಡವ್ವ ಬಂದಳು. ನಾಲ್ಕು ಬೀದಿ ಆಚೆ ಮಂಡಕ್ಕಿ ಹುರಿಯುವ ಅವಳ ಪುರಿ ಭಟ್ಟಿ. ಐವತ್ತು ದಾಟಿದ ಹೆಂಗಸು. ಭಟ್ಟಿಯ ಶಾಖಕ್ಕೆ ಹುಬ್ಬೆಲ್ಲ ಸುಟ್ಟು, ಯಾವಾಗಲೂ ಆಶ್ಚರ್ಯಪಟ್ಟವಳ ಮುಖ. ಸಾಲೆಲ್ಲ ಕರಗಿದ ಮೇಲೆ, ಮಧ್ಯಾಹ್ನ, ಬೋಗುಣಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿಕೊಂಡು ಬಂದು ಹೊಸ್ತಿಲ ಮೇಲೇ ಕೂತಳು.

“ಏನ್ಲಾ ಜವ್ರ, ಊರ್ನೋರ್ನೆಲ್ಲ ಬೈದು ಸುಸ್ತಾಯ್ತಾ? ಇಲ್ಲ ನಂಗೂ ಒಂದೆರಡು ಉಳಿಸಿದ್ದೀಯಾ?”

“ನಿಂಗೇ ಅಂತ ಬೇರೆ ಎತ್ತಿಟ್ಟಿದ್ದೀನಿ. ಏನು ತಂದಿದ್ದೀಯ?”

ಬಟ್ಟೆ ಸರಿಸಿದಳು. ಏಣೆದ್ದ ದಪ್ಪ ಗಂಡು. “ಇದನ್ನ ನೋಡಿದ್ದೀನಲ್ಲ. ಕೆರೆಕುಲ ಅಂತ ಪುಸ್ತಕದಲ್ಲೈತೆ” ಅಂದೆ.

“ಐತೆ. ಮೂರು ವರ್ಷ ಮೂರು ಹೆಣ್ಣಿನ ತಾವ ಬಿಟ್ಟೆ. ಮೂಲೇಲಿ ಕುಂತು ಗೋಡೆ ನೋಡ್ತದೆ, ನಮ್ಮನೆ ಯಜಮಾನನ ಥರ.” ತಾನೇ ನಕ್ಕಳು. ಆಮೇಲೆ ದನಿ ತಗ್ಗಿಸಿ, “ಈ ಸಲ ನಿನ್ನ ಹೆಣ್ಣಿನ ತಾವ ಬಿಡು” ಅಂದಳು.

“ನಂದು ಬಂಡೆಕುಲ.”

“ಗೊತ್ತು. ಅದಕ್ಕೇ ಬಂದಿರೋದು.”

ನಾನು ಅವಳ ಮುಖ ನೋಡಿದೆ. ಅವಳು ಬೀದಿ ನೋಡುತ್ತ ಹೇಳಿದಳು: “ನಮ್ಮನೆ ತೊಟ್ಟೀಲಿ ಒಂಬತ್ತು ಬೆರಳು ಅಂತ ಊರೇ ನೋಡೈತೆ. ಎಂಟೇ ಕಣ್ಲಾ. ತಳದಲ್ಲಿ ಗುಂಡುಕಲ್ಲು ಮಡಗಿದ್ದೀನಿ. ನಮ್ಮ ರಾಚ ಹೋದ ವರ್ಷ ಹೋದ್ನಲ್ಲ, ಎರಡು ತಿಂಗಳಿಗೆ ಬತ್ತೀನಿ ಕಣವ್ವ ಅಂದಿದ್ದ. ಐದು ತಿಂಗಳು ನೀರು ನಿಂತೇ ಇತ್ತು. ಆರನೇ ತಿಂಗಳು ಒಂದಿನ ಬೆಳಿಗ್ಗೆ ಎದ್ದು ನೋಡ್ತೀನಿ...” ಕೈಯಿಂದ ಒಂದು ಬೆರಳಗಲ ತೋರಿಸಿದಳು. “ಮನೇಲಿ ಯಾರಿಗೂ ಹೇಳಿಲ್ಲ. ಅವರಪ್ಪಂಗೂ ಇಲ್ಲ.”

“ಕಲ್ಲು ಹಾಕಿದ್ದೀಯಲ್ಲ, ಮತ್ತಿನ್ನೇನು?”

“ಕಲ್ಲು ಊರ್ನೋರಿಗೆ. ಹಾಕ್ದೋಳು ನಾನಲ್ವೇನ್ಲಾ? ನಂಗೂ ಸುಳ್ಳು ಹೇಳೋ ತೊಟ್ಟಿ ಬೇಕು. ಒಂದು ಬೆರಕೆ ಮರಿ ಮಾಡ್ಕೊಡು. ಹಳೇ ಹೆಣ್ಣೊಂದೈತೆ ಮನೇಲಿ, ಅದನ್ನ ಯಾರಿಗಾದ್ರೂ ಕೊಟ್ಟುಬುಡ್ತೀನಿ.”

“ಬೆರಕೆ ಬಂದ್ರೆ ನಿಮ್ಮತ್ತೆ ಮಾವ, ಮನೇಲಿ ಸತ್ತೋರೆಲ್ಲ ಲೆಕ್ಕಕ್ಕೆ ಬತ್ತಾರೆ. ಹದಿಮೂರು ಬೆರಳಾಯ್ತದೆ.”

“ಬರ್ಲಿ ಬುಡು. ಅವರ ಜೊತೆ ಅವನೂ ಇರ್ತಾನಲ್ಲ.”

“ಊರ್ನೋರು ಕೇಳಿದ್ರೆ?”

“ಕಲ್ಲು ಹಾಕಿದ್ದೀನಿ ಅಂತೀನಿ.”

ನನಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ, ಗಂಟಲು ನೋಯಿತು. ಅವಳು ಕೇಳಿದ್ದು ಕಟ್ಟೆಗೆ ಗೊತ್ತಾದರೆ ಅವಳಿಗೆ ದಂಡ, ನನಗೆ ಊರೇ ಇಲ್ಲ. ಆದರೆ ನನಗೂ ಅದೇ ಬೇಕಿತ್ತು. ಬೆರಕೆಯೋ ಗಿರಕೆಯೋ, ನನ್ನ ಹೆಣ್ಣಿಗೆ ಮರಿಯಾದರೆ ಬಾಗಿಲು ಉಳಿಯುತ್ತದೆ. ಇನ್ನೂ ಒಂದು ಆಸೆ ಆಗಲೇ ಹುಟ್ಟಿಬಿಟ್ಟಿತು. ಬೆರಕೆಗೆ ಮರೆವಿಲ್ಲವಲ್ಲ. ನನ್ನ ತೊಟ್ಟಿ ಅಪ್ಪ, ಅವ್ವ, ದೊಡ್ಡವ್ವನನ್ನೆಲ್ಲ ಎಣಿಸುತ್ತದೆ. ನಾಲ್ಕು ಬೆರಳು ನೀರು. ಇಟ್ಟಿಗೆ ತೆಗೆದು ತೊಟ್ಟಿಯನ್ನು ನೆಟ್ಟಗೆ ಕೂರಿಸಬಹುದು. ದೊಡ್ಡವ್ವ ಇದ್ದಿದ್ದರೆ ಮತ್ತೆ ಬಾರಿಸುತ್ತಿದ್ದಳು. ಇರಲಿಲ್ಲ. “ಬೋಗುಣಿ ಬಿಟ್ಟುಹೋಗು. ಚೀಟೀಲಿ ಎರಡೂ ಒಂದೇ ಕುಲ ಅಂತ ಬರೀತೀನಿ” ಅಂದೆ.

ಅವಳು ಹೋದ ಮೇಲೆ ಗಂಡನ್ನು ತೊಟ್ಟಿಗೆ ಇಳಿಸಿದೆ. ಅದು ಗೋಡೆ ನೋಡಲಿಲ್ಲ. ಸೀದಾ ನನ್ನ ಹೆಣ್ಣಿನ ಮುಂದೆ ಹೋಗಿ ನಿಂತು, ಬಾಲವನ್ನು ಪಕ್ಕಕ್ಕೆ ಮಡಚಿ, ಬೀಸಣಿಗೆಯ ಹಾಗೆ ನೀರು ಬೀಸತೊಡಗಿತು. ಮೂರು ವರ್ಷ ಕದಲದೆ ಕೂತಿದ್ದ ಮುದಿ ಹೆಣ್ಣು ಎರಡು ಹೆಜ್ಜೆ ಮುಂದೆ ಬಂತು. ಬೇರೆ ಕುಲದವು ಹೀಗೆ ಮಾಡುವುದಿಲ್ಲ. ಗಂಟೆಗಟ್ಟಲೆ ಅನುಮಾನ ಮಾಡಿ, ಮೂಸಿ, ದೂರ ಸರಿಯುತ್ತವೆ. ಗಂಡನ್ನು ಎತ್ತಿ ಬಿಸಿಲಿಗೆ ಹಿಡಿದೆ. ಎಡಗಡೆಯ ಮುಂಗಾಲು ಬಲಗಡೆಯದಕ್ಕಿಂತ ತೆಳ್ಳಗೆ, ಬಣ್ಣ ತುಸು ಮಾಸಲು, ಬೆರಳುಗಳು ಮೊಂಡ. ನೂಲಿನಲ್ಲಿ ಅಳೆದೆ. ಅರ್ಧದಾರಿಗೆ ನಿಂತಿತು. ಬಲಗಾಲು ಅಳೆದೆ. ನೂಲು ಹಿಂಗಾಲಿನ ಬುಡ ಮುಟ್ಟಿತು.

ನೀರುಹಲ್ಲಿಯ ಕಾಲು ಹೋದರೆ ಮತ್ತೆ ಬೆಳೆಯುತ್ತದೆ. ಊರಿನ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ. ಆದರೆ ಬೆಳೆದ ಕಾಲು ಮೊದಲಿನಷ್ಟು ಉದ್ದವಾಗುವುದಿಲ್ಲ. ಪುಸ್ತಕ ತೆಗೆದು ನೋಡಿದೆ. ‘ಪುರಿ ಭಟ್ಟಿ ಮನೆ, ಗಂಡು, ಕೆರೆ’ ಎಂದು ನನ್ನದೇ ಕೈಬರಹ. ದಿನ ನೋಡಿದರೆ ದೊಡ್ಡವ್ವ ಸತ್ತ ಹನ್ನೊಂದನೆಯ ದಿನ. ಅವತ್ತು ಬಾಗಿಲಲ್ಲಿ ನಲವತ್ತು ಜನ ನಿಂತಿದ್ದರು. ಒಬ್ಬರಾದರೂ ಊಟ ಮಾಡಿದೆಯಾ ಎಂದು ಕೇಳಿರಲಿಲ್ಲ. ಆ ಸಿಟ್ಟಿಗೆ ನಾನು ಎಲ್ಲದಕ್ಕೂ ಕೈಗೆ ಸಿಕ್ಕ ಒಂದೊಂದೇ ಕಾಲು ಅಳೆದು ಚೀಟಿ ಎಸೆದಿದ್ದೆ. ಮೂರು ವರ್ಷ ಈ ಊರಲ್ಲಿ ಎರಡು ಬಂಡೆಕುಲ ಇದ್ದವು, ನಾಲ್ಕು ಬೀದಿ ಅಂತರದಲ್ಲಿ. ಒಂದು ಗೋಡೆ ನೋಡುತ್ತಿತ್ತು, ಇನ್ನೊಂದು ಒಣಗುತ್ತಿತ್ತು. ಯಾರನ್ನು ಬೈಯಲಿ? ಬಾಯಿ ತೆರೆದರೆ ನನ್ನ ಹೆಸರೇ ಬರುತ್ತಿತ್ತು.

ಅಂದರೆ ಹುಟ್ಟುವ ಮರಿಗಳು ಅಪ್ಪಟ. ನಿಜ ಎಣಿಸುವವು. ಚೌಡವ್ವನ ಪಾಲಿಗೆ ಕೆಲಸಕ್ಕೆ ಬಾರದವು. ಹೇಳಿದರೆ ಅವಳು ಗಂಡನ್ನು ಎತ್ತಿಕೊಂಡು ಹೋಗುತ್ತಾಳೆ, ನನ್ನ ಬಾಗಿಲೂ ಹೋಗುತ್ತದೆ. ನಾಳೆ ಹೇಳೋಣ, ಜೋಡಿಯಾಗಲಿ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಅವಳೇ ಬಂದಳು, ಸೆರಗಿನಲ್ಲಿ ಬಿಸಿ ಪುರಿ ಕಟ್ಟಿಕೊಂಡು. “ಏನಂತದೆ ನಮ್ಮ ಯಜಮಾನ?” ನಾನು ತೋರಿಸಿದೆ. ಗಂಡು ಬಾಲ ಬೀಸುತ್ತಿತ್ತು. “ಅಯ್ಯೋ ಇವನ! ಬೇರೆ ಕುಲದೋಳು ಅಂದ್ರೆ ಹೆಂಗೆ ಕುಣೀತಾನೆ ನೋಡ್ಲಾ!” ಎಂದು ಬಿದ್ದು ಬಿದ್ದು ನಕ್ಕಳು. ನಾನು ಕೇಳಿದೆ, “ಇದರ ಕಾಲಿಗೆ ಯಾವತ್ತಾದ್ರೂ ಪೆಟ್ಟಾಗಿತ್ತಾ?” “ಹೂಂ, ಹುಂಜ ಕುಕ್ಕಿ ತಿಂದಿತ್ತು. ನಿಮ್ಮ ದೊಡ್ಡವ್ವ ಇದ್ದಾಗಲೇ. ರಾಚನೇ ಹುಂಜನ ಅಟ್ಟಾಡಿಸ್ಕೊಂಡು ಹೊಡೆದ. ಆಮೇಲೆ ಅದೇ ಹುಂಜನ ಸಾರು ಮಾಡ್ದೆ. ಯಾಕೆ?” “ಸುಮ್ನೆ ಕೇಳಿದೆ” ಅಂದೆ.

ಹೆಣ್ಣು ಮೊಟ್ಟೆ ಇಡತೊಡಗಿತು. ತೊಟ್ಟಿಯ ಮೂಲೆಯಲ್ಲಿದ್ದ ನೀರುಗಿಡದ ಒಂದೊಂದು ಎಲೆಗೆ ಒಂದೊಂದು ಮೊಟ್ಟೆ. ಇಟ್ಟು, ಹಿಂಗಾಲಿನಿಂದ ಎಲೆಯನ್ನು ಬೀಡಿ ಸುತ್ತಿದ ಹಾಗೆ ಮಡಚಿ, ಕೈಬಿಡದೆ ಒತ್ತಿ ಹಿಡಿಯುತ್ತಿತ್ತು. ಚೌಡವ್ವ ದಿನಾ ಬೆಳಿಗ್ಗೆ ಭಟ್ಟಿ ಹೊತ್ತಿಸುವುದಕ್ಕೆ ಮುಂಚೆ ಬಂದು, ತೊಟ್ಟಿಯ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತು, ಮಡಚಿದ ಎಲೆ ಎಣಿಸುತ್ತಿದ್ದಳು. “ಹದಿನೇಳು. ನಿನ್ನೆ ಹದಿನೈದಿತ್ತು. ನನ್ನೇ ಸೋಲಿಸ್ತಾಳೆ ಇವಳು.” ಎಣಿಸುತ್ತ ರಾಚನ ವಿಷಯ ಹೇಳುತ್ತಿದ್ದಳು. ಅವನಿಗೆ ಹುಣಸೆಹುಳಿ ಆಗುತ್ತಿರಲಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ಮರಳು ಹುರಿಯುವ ಹದ ಅವನಿಗೆ ಬಂದಷ್ಟು ಉಳಿದ ಮಕ್ಕಳಿಗೆ ಬರಲಿಲ್ಲ. ಹೋಗುವ ಹಿಂದಿನ ದಿನ ಅವಳ ಜೊತೆ ಜಗಳವಾಡಿದ್ದ, ಭಟ್ಟಿಗೆ ಹೊಸ ಒಲೆ ಹಾಕುವ ವಿಷಯಕ್ಕೆ. “ಒಲೆ ವಿಷಯಕ್ಕೆ ಯಾರಾದ್ರೂ ಊರು ಬುಡ್ತಾರೇನ್ಲಾ?” 

“ನಾನು ಹೊಟ್ಟೆ ಬಣ್ಣಕ್ಕೆ ಶಾಲೆ ಬಿಡ್ಲಿಲ್ವಾ?”

“ನೀನು ಬುಡು, ನಿನ್ನ ಮೂಗಿನ ಮೇಲೆ ನೊಣ ಕುಂತ್ರೆ ಮೂಗೇ ಕುಯ್ಕೊಳ್ಳೋನು.”

ನನಗೆ ಸಿಟ್ಟು ಬರಲಿಲ್ಲ. ಅದು ನನಗೇ ಹೊಸದಾಗಿತ್ತು. ಅವಳು ಬರುವ ಹೊತ್ತಿಗೆ ನಾನು ಮನೆ ಗುಡಿಸಿಟ್ಟಿರುತ್ತಿದ್ದೆ. ಒಂದು ಮಣೆ ಹುಡುಕಿ ಒರೆಸಿ ಇಟ್ಟಿದ್ದೆ. ನೆಲದ ಮೇಲೆ ಕೂತರೆ ಅವಳಿಗೆ ಮಂಡಿ ನೋಯುತ್ತದೆ ಎಂದು ಗೊತ್ತಾಗಿತ್ತು. ಅವಳು ಹೋದ ಮೇಲೆ ತೊಟ್ಟಿಗೆ ಬೆರಳು ಅದ್ದಿ ನೋಡುತ್ತಿದ್ದೆ. ದಿನಾ ಬಂದು ಕೂರುವವರನ್ನು ಅದು ಎಣಿಸುತ್ತದೋ ಏನೋ ಎಂದು. ಎಣಿಸುತ್ತಿರಲಿಲ್ಲ. ಒಂದೇ ಬೆರಳು. ಅವಳ ಮನೆ ಬೇರೆ, ಅವಳ ಎಣಿಕೆ ಬೇರೆ.

ಮೊಟ್ಟೆಗಳು ಒಡೆದು, ಕತ್ತಿನ ಪಕ್ಕ ಗರಿಗರಿಯಂಥ ಕಿವಿರು ಇಟ್ಟುಕೊಂಡ ಮರಿಗಳು ಬಂದವು. ಅವಕ್ಕೆ ಸೊಳ್ಳೆಹುಳ ಹಿಡಿದು ತರುವುದು ನನ್ನ ಕೆಲಸ, ಗದರಿಸುವುದು ಅವಳ ಕೆಲಸ. ದಿನಾ ನಾಳೆ ಹೇಳೋಣ ಎಂದುಕೊಂಡೆ. ಎಪ್ಪತ್ತು ದಿನ ಎಂದುಕೊಂಡೆ. ಕಲ್ಲು ತೆಗೆದು ಮರಿಯನ್ನು ತನ್ನ ತೊಟ್ಟಿಗೆ ಬಿಟ್ಟ ಮಾರನೆಯ ಬೆಳಿಗ್ಗೆ ಎಂಟೇ ಬೆರಳು ನೋಡಿ ಅವಳಿಗೆ ಗೊತ್ತಾಗಿಯೇ ಆಗುತ್ತದೆ ಎಂದು ನನಗೆ ತಿಳಿದಿತ್ತು. ಆದರೂ ಆ ಬೆಳಿಗ್ಗೆ ಇನ್ನೂ ಬಂದಿರಲಿಲ್ಲ. ಈ ಬೆಳಿಗ್ಗೆ ಅವಳು ನನ್ನ ಮಣೆಯ ಮೇಲೆ ಕೂತಿದ್ದಳು.

ಕಿವಿರು ಉದುರಿ ಕಾಲು ಬಲಿತ ದಿನ, ಉಳಿದ ಹನ್ನೆರಡು ಮರಿಗಳಲ್ಲಿ ಚುರುಕಾದ ಒಂದನ್ನು ಆರಿಸಿ ಅಂಗೈ ಮೇಲಿಟ್ಟುಕೊಂಡಳು. “ಬೆರಕೆ ಅಂತ ಹೆಂಗೆ ಗೊತ್ತಾಯ್ತದೆ? ನೂಲು ಹಿಡಿದು ತೋರ್ಸು ನಂಗೂವೆ.” ನಾನು ಆಮೇಲೆ ಅಂದೆ. “ತೋರ್ಸೋ, ನಂದೂ ಒಂದು ಕಣ್ಣು ಬೀಳ್ಲಿ.” ಕೈಗೆ ನೂಲು ತೆಗೆದುಕೊಂಡೆ. ಎಡಗಾಲು ಅಳೆದೆ, ಪಕ್ಕೆಯ ಮೇಲಿಟ್ಟೆ. ಹಿಂಗಾಲಿನ ಬುಡ ಮುಟ್ಟಿತು. ಬಲಗಾಲು ಅಳೆದೆ. ಮುಟ್ಟಿತು. ಸುಮ್ಮನೆ ಇದೇ ಬೆರಕೆ ಎಂದಿದ್ದರೆ ಅವಳಿಗೇನು ಗೊತ್ತಾಗುತ್ತಿತ್ತು? ಆದರೆ ನೂಲು ಹಿಡಿದ ಬೆರಳು ನನ್ನ ಮಾತು ಕೇಳಲಿಲ್ಲ. ಅಥವಾ ಇಷ್ಟು ದಿನ ಎದೆಯಲ್ಲಿ ಕುದ್ದದ್ದು ಉಕ್ಕಿತು. ಅವಳ ಮೇಲೆಯೇ ಕಿರುಚಿದೆ.

“ಬೆರಕೆ ಅಲ್ಲ! ನಿನ್ನ ಗಂಡೂ ಬಂಡೆಕುಲ, ಇವೂ ಬಂಡೆಕುಲ, ಎಲ್ಲಾ ಅಪ್ಪಟ! ಹುಂಜ ತಿಂದ ಕಾಲು ಮೋಟಾಗಿ ಬೆಳೆದಿತ್ತು. ನಾನು ಅದೊಂದನ್ನೇ ಅಳೆದು ಕೆರೆ ಅಂತ ಬರ್ದೆ. ತಪ್ಪು ನಂದೇ. ಏನು ಮಾಡ್ತೀಯೋ ಮಾಡು!”

ಅವಳು ಮರಿಯನ್ನು ಮೆಲ್ಲಗೆ ನೀರಿಗೆ ಬಿಟ್ಟಳು. “ಯಾವಾಗ ಗೊತ್ತಾಯ್ತು?”

“ಮೊದಲ್ನೇ ದಿನ.”

“ಮೊದಲ್ನೇ ದಿನ. ಎಪ್ಪತ್ತು ದಿನ ಬಂದಿದ್ದೀನಲ್ಲೋ ನಾನು. ಎಪ್ಪತ್ತು ದಿನ ನಿನ್ನ ಮುಂದೆ ಕುಂತು ಅವನ ಹಲ್ಲು ಕಡಿಯೋದು, ಹುಳಿ ಆಗ್ದೇ ಇರೋದು, ಎಲ್ಲ ಹೇಳಿದ್ದೀನಿ. ಒಂದಿನವಾದ್ರೂ ನಿನ್ನ ಬಾಯಿಗೆ ಬರ್ಲಿಲ್ವಾ?”

ಅವಳು ಮಂಡಿ ಹಿಡಿದು ಎದ್ದಳು. ಸುಟ್ಟ ಹುಬ್ಬಿನ ಮುಖದಲ್ಲಿ ಸಿಟ್ಟು ಹೇಗೆ ಕಾಣುತ್ತದೆ ಎಂದು ನಾನು ಅವತ್ತು ನೋಡಿದೆ. “ಸುಮ್ಸುಮ್ನೆ ಯಾರ ತೊಟ್ಟೀಲೂ ಒಂದು ಬೆರಳಿಗೆ ನೀರು ನಿಲ್ಲಕ್ಕಿಲ್ಲ ಕಣ್ಲಾ” ಅಂದಳು.

ಅದನ್ನು ಬೇರೆ ಯಾರಾದರೂ ಅಂದಿದ್ದರೆ ಕಲ್ಲು ಎತ್ತುತ್ತಿದ್ದೆ. ಕಲ್ಲಿನ ಬದಲು ಮಾತು ಸಿಕ್ಕಿತು. “ಹೋಗು, ಬೆರಕೆ ತಂದು ಹದಿಮೂರು ಬೆರಳು ಮಾಡ್ಕೊ! ಅದರೊಳಗೆ ಅವನೂ ಇರ್ತಾನೆ. ನಾಳೆ ಅವನಿಗೆ ನಿಜವಾಗ್ಲೂ ಬರೋ ಮನಸ್ಸಾದ್ರೆ ಆ ನೀರು ಎಲ್ಲಿಗೆ ಏರ್ತದೆ? ಆಗಲೇ ಇದ್ದಾನೆ ಅಂತ ಸುಮ್ನಿರ್ತದೆ. ಬಾಗಿಲಿಗೆ ಬಂದು ಬಡಿದ್ರೂ ಯಾರೋ ಏನೋ ಅಂತೀಯ. ಇಳಿಯೋ ನೀರು ಮಾತ್ರ ಏರೋದು!”

ಅವಳು ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು, ಬೆನ್ನು ನನ್ನ ಕಡೆ. ಆಮೇಲೆ ಹೊರಟುಹೋದಳು. ಸೆರಗಿನಿಂದ ಪುರಿಯ ಗಂಟು ಬಿಚ್ಚಿರಲಿಲ್ಲ.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ನಾನು ಮಣೆಯನ್ನು ಗೋಡೆಗೆ ಒರಗಿಸಿದೆ, ಮತ್ತೆ ತೊಟ್ಟಿಯ ಪಕ್ಕ ತಂದಿಟ್ಟೆ, ಮತ್ತೆ ಒರಗಿಸಿದೆ. ಮರಿಗಳಾದವಲ್ಲ, ಬಾಗಿಲು ಉಳಿಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಉಳಿದ ಬಾಗಿಲನ್ನು ಬೆಳಗಿನಿಂದ ಸಂಜೆಯ ತನಕ ನೋಡುತ್ತ ಕೂತರೆ ಬಾಗಿಲಿನಷ್ಟು ಬೇಸರದ ವಸ್ತು ಇನ್ನೊಂದಿಲ್ಲ. ಐದನೆಯ ದಿನ ಕಟ್ಟೆಗೆ ಹೋಗಿ, ಪುಸ್ತಕ ಬಿಚ್ಚಿ, ನಾನು ತಪ್ಪು ಬರೆದಿದ್ದೆ ಎಂದು ಯಜಮಾನರ ಮುಂದೆ ಹೇಳಿದೆ. ಅವತ್ತು ಒಂದೇ ಕಾಲು ನೋಡಿದ ಉಳಿದವನ್ನೂ ಮತ್ತೆ ಅಳೆಯುತ್ತೇನೆ ಅಂದೆ. ಅವರು ಬೈಯಲಿ ಎಂದು ಕಾದೆ. “ಆಯ್ತು, ಅಳೆ” ಎಂದು ಎಲೆಅಡಿಕೆ ಹಾಕಿಕೊಂಡರು. ನಾನು ಮನೆ ಮನೆ ತಿರುಗಿ ಅಳೆದೆ. ಬೇರೆ ಯಾವುದೂ ತಪ್ಪಿರಲಿಲ್ಲ. ಅಷ್ಟು ಹಲ್ಲಿಗಳಲ್ಲಿ ಅದೊಂದೇ.

ಪುರಿ ಭಟ್ಟಿಯ ಬೀದಿಗೆ ಹೋಗಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಬಾಗಿಲ ಹೊರಗೆ ನಿಂತಿದ್ದಳು, ಕೈಯಲ್ಲಿ ಖಾಲಿ ಬೋಗುಣಿ. ಒಳಗೆ ಬರಲಿಲ್ಲ, ಕೂರಲಿಲ್ಲ. “ನಮ್ಮನೆ ಹಳೇ ಹೆಣ್ಣು ನೆನ್ನೆ ಸತ್ತೋಯ್ತು. ಒಂದು ಮರಿ ಕೊಡು” ಅಂದಳು.

“ಗಂಡನ್ನೇ ತಗೊಂಡೋಗು. ನಿಂದೇ ತಾನೆ.”

“ಅದಿಲ್ಲೇ ಇರ್ಲಿ. ಮೂರು ವರ್ಷ ಗೋಡೆ ನೋಡೈತೆ, ಪಾಪ.” ಬೋಗುಣಿ ಚಾಚಿದಳು. “ಎರಡೂ ಕಾಲು ಅಳೆದು ಕೊಡು. ನಿಜ ಹೇಳೋದೇ ಬೇಕು. ಯಜಮಾನನಿಗೂ ಹೇಳ್ಬುಟ್ಟೆ. ಮಕ್ಕಳಿಗೂ ಹೇಳ್ಬುಟ್ಟೆ, ಎಂಟೇ ಅಂತ.”

ಅವಳು ಹಿಂದೆ ಆರಿಸಿದ್ದ ಮರಿಯನ್ನೇ ಹಿಡಿದು, ಅವಳ ಕಣ್ಣೆದುರಿಗೆ ಅಳೆದೆ. ಎಡಗಾಲು, ಬಲಗಾಲು. ಸಾಲದೆಂದು ಇನ್ನೊಂದು ಸಲ. ಬೋಗುಣಿಗೆ ನೀರು ಹಾಕಿ ಬಿಟ್ಟೆ. ಅವಳು ಒದ್ದೆ ಬಟ್ಟೆ ಮುಚ್ಚಿದಳು. ಹೋಗಲಿಲ್ಲ. ಬೋಗುಣಿಯ ಅಂಚು ಸರಿಮಾಡುತ್ತ ನಿಂತಳು.

“ನಾನು ಇನ್ಮೇಲೆ ಬರಕ್ಕಿಲ್ಲ ಕಣ್ಲಾ” ಅಂದಳು. “ಸಿಟ್ಟಿಗಲ್ಲ. ಸಿಟ್ಟು ಬಂತು, ಹೋಯ್ತು. ಬೆಳಿಗ್ಗೆ ಹೊತ್ತು ತೊಟ್ಟಿ ಮುಂದೆ ಇರ್ಬೇಕು ನಾನು. ನೀನಂದ್ಯಲ್ಲ, ಏರ್ತದೆ ಅಂತ. ಏರೋ ಬೆಳಿಗ್ಗೆ ನಾನು ಇಲ್ಲಿ ಪುರಿ ತಿನ್ಕಂಡು ಕುಂತಿದ್ರೆ?”

ಅವಳು ಹೇಳಿದ್ದು ಸರಿ. ಅದನ್ನು ಹೇಳಿಕೊಟ್ಟವನೇ ನಾನು. ಆದರೂ ಹೊಟ್ಟೆಯ ಬುಡದಿಂದ ಹಳೆಯ ಬೆಂಕಿಯೇ ಎದ್ದು ಬಂತು. ನನಗೆ ಬೇರೆ ಯಾವುದು ತಾನೇ ಅಷ್ಟು ಬೇಗ ಬರುತ್ತದೆ?

“ಬರ್ಬೇಡ ಹೋಗು! ನಿನ್ನನ್ನ ಯಾರು ಬಾ ಅಂದಿದ್ರು?”

ಚೌಡವ್ವ ನನ್ನನ್ನು ನೋಡಿದಳು. ಬೈಯಲಿಲ್ಲ.

“ಯಾರೂ ಅಂದಿರ್ಲಿಲ್ಲ ಕಣ್ ಮಗ” ಅಂದಳು. “ನೀನೂ ಅನ್ಲಿಲ್ಲ.”

ಬೋಗುಣಿಯ ನೀರು ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಸಣ್ಣ ಹೆಜ್ಜೆ ಇಡುತ್ತ ನಡೆದಳು. ಹಾಗೆ ನಡೆಯುವವರು ಬೀದಿಯ ತಿರುವು ಮುಟ್ಟುವುದಕ್ಕೆ ಬಹಳ ಹೊತ್ತು ಬೇಕು. ಅಷ್ಟು ಹೊತ್ತೂ ಆ ಒಂದಕ್ಷರದ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಆಗಲೂ ಅನ್ನಲಿಲ್ಲ.